ಅಂಗೀಕೃತ ಕಣ್ಣುಗಳು

ನಮ್ಮೂರಿನ ಕಾರ್ಖಾನೆಯ ಗೋಡೆಗೆ ಸುಣ್ಣ ಬಳಿಸಬೇಕಾದರೆ ಹದಿನೇಳು ಗಿರಾಕಿಗಳ ಒಪ್ಪಿಗೆ ಬೇಕು. ಹದಿನೇಳರಲ್ಲಿ ಒಬ್ಬರು ಬೇಡವೆಂದರೂ ಸುಣ್ಣದ ಡಬ್ಬ ಉಗ್ರಾಣಕ್ಕೆ ವಾಪಸು ಹೋಗುತ್ತದೆ. ಇದು ನನಗೆ ಚೆನ್ನಾಗಿ ಗೊತ್ತಿರುವುದೇಕೆಂದರೆ ಆ ಒಪ್ಪಿಗೆ ಕೇಳುವ ಕಾಗದ ಬರೆಯುವವನು ನಾನೇ. ಹೆಸರು ಸಂಗಮನಾಥ, ಬದಲಾವಣೆ ವಿಭಾಗದ ತಾತ್ಕಾಲಿಕ ಗುಮಾಸ್ತ. ತಾತ್ಕಾಲಿಕನಾಗಿ ಮೂವತ್ತೊಂದು ವರ್ಷವಾಯಿತು. ಕಾಯಂ ಮಾಡುವುದೂ ಒಂದು ಬದಲಾವಣೆಯೇ ಆದ್ದರಿಂದ ಎರಡು ಸಲ ಕೇಳಿ ನೋಡಿದೆವು. ಎರಡು ಸಲವೂ ಯಾರೋ ಒಬ್ಬ ಗಿರಾಕಿ ಒಪ್ಪಲಿಲ್ಲ.

ಕಾರ್ಖಾನೆಯಲ್ಲಿ ತಯಾರಾಗುವುದು ಒಂದೇ ಪದಾರ್ಥ, ಕಂಪ್ಯೂಟರಿನ ಮಿದುಳಾದ ಚಿಪ್ಪು. ಬೆರಳುದ್ದದ ಕಪ್ಪು ಕವಚ, ಎರಡೂ ಬದಿಗೆ ಇಪ್ಪತ್ತಿಪ್ಪತ್ತು ಕಾಲು. ಊರವರೆಲ್ಲ ಅದನ್ನು ಜರಿಹುಳಕ್ಕೆ ಹೋಲಿಸಿ ಜರಿ ಎಂದೇ ಕರೆಯುತ್ತಾರೆ. ನಲವತ್ತಮೂರು ವರ್ಷದ ಹಿಂದೆ ಅದು ಹೊಸದಾಗಿ ಬಂದಾಗ ಮೂರು ವರ್ಷ ಮಾಡಿ ನಿಲ್ಲಿಸುವುದೆಂದು ಮಾತಾಗಿತ್ತಂತೆ. ಹೊರಗಿನ ಜಗತ್ತು ಅದಕ್ಕಿಂತ ಸಾವಿರ ಪಾಲು ಚುರುಕಾದದ್ದನ್ನು ಕಂಡುಹಿಡಿದು ಜರಿಯನ್ನು ಮರೆತೂಬಿಟ್ಟಿತು. ಆದರೆ ಅಷ್ಟರೊಳಗೆ ಜರಿ ಲಿಫ್ಟುಗಳಲ್ಲಿ, ರೈಲಿನ ಸಿಗ್ನಲ್ ಪೆಟ್ಟಿಗೆಗಳಲ್ಲಿ, ಹಾಲಿನ ಡೇರಿಯ ತಕ್ಕಡಿಗಳಲ್ಲಿ, ಆಸ್ಪತ್ರೆಯ ಯಂತ್ರಗಳಲ್ಲಿ ಹೋಗಿ ಕೂತಾಗಿತ್ತು. ಆ ಯಂತ್ರಗಳು ಸುಲಭಕ್ಕೆ ಕೆಡುವುದಿಲ್ಲ. ಕೆಟ್ಟಾಗ ಮಾತ್ರ ಅವಕ್ಕೆ ಅದೇ ಜರಿ ಬೇಕು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಜರಿ ಬೇಕು. ಜರಿ ಬದಲಾಗಬಾರದೆಂದರೆ ಅದನ್ನು ಮಾಡುವ ನೀರು, ಗಾಳಿ, ಯಂತ್ರ, ಮನುಷ್ಯ ಯಾವುದೂ ಬದಲಾಗಬಾರದು. ಏನಾದರೂ ಬದಲಾಗುವುದಿದ್ದರೆ ಆರು ತಿಂಗಳು ಮುಂಚೆ ಗಿರಾಕಿಗಳಿಗೆ ಸೂಚನೆ ಕೊಡಬೇಕು.

ಊರು ಇದಕ್ಕೆ ಹೊಂದಿಕೊಂಡಿತ್ತು. ಕ್ಯಾಂಟೀನಿನ ಕೊಟ್ರಮ್ಮ ಸೋಮವಾರದ ಉಪ್ಪಿಟ್ಟಿಗೆ ಪ್ರತಿ ತಟ್ಟೆಗೆ ಎರಡು ಗೋಡಂಬಿ ಹಾಕುತ್ತಿದ್ದಳು, ಮೂರು ಹಾಕಲು ಅವಳಿಗೆ ಅಧಿಕಾರವಿರಲಿಲ್ಲ. ಗೇಟಿನ ಕಾವಲುಗಾರ ಹರಕೆಗೆಂದು ಮೀಸೆ ತೆಗೆಸಿ ಬಂದ ವರ್ಷ, ಅದು ಮತ್ತೆ ಬೆಳೆಯುವವರೆಗೆ ನಾಟಕದವರ ಹತ್ತಿರ ತಂದ ಮೀಸೆ ಅಂಟಿಸಿಕೊಂಡು ಸಲಾಮು ಹೊಡೆದ. ಅಂಗಳದ ಬೇವಿನ ಮರ ಗಾಳಿಗೆ ಬಿದ್ದಾಗ ಅದನ್ನು ಎತ್ತಿ ನಿಲ್ಲಿಸಿ ಹಗ್ಗ ಕಟ್ಟಿದೆವು. ಮರ ಒಣಗಿತು, ಆದರೆ ನಿಂತಿತ್ತು. ಬಿದ್ದದ್ದು ನಮ್ಮ ಅರಿವಿಗೆ ಬಂದಿಲ್ಲವೆಂದು ಮ್ಯಾನೇಜರ್ ಚಂದ್ರಮೌಳಿಯವರು ಬರೆಸಿದರು. ನಾನು ಬರೆದೆ. ಅಚ್ಚುಕಟ್ಟಾಗಿ ಬರೆಯುವುದರಲ್ಲಿ ನನಗೆ ಹೆಸರಿತ್ತು. ಆ ಹೆಮ್ಮೆಯೂ ಇತ್ತು ಎಂದು ಈಗಲೇ ಹೇಳಿಬಿಡುವುದು ಒಳ್ಳೆಯದು.

ನನ್ನ ಹೆಂಡತಿ ದಾಕ್ಷಾಯಣಿ ಅದೇ ಕಾರ್ಖಾನೆಯಲ್ಲಿ ಅಂತಿಮ ತಪಾಸಕಿ. ಕಪ್ಪು ಕವಚ ಮುಚ್ಚುವ ಮುಂಚೆ ಒಳಗಿನ ಚಿಪ್ಪನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಪಾಸು ಮಾಡುವವಳು ಅವಳೊಬ್ಬಳೇ. ಅವಳಿಗಿಂತ ಮುಂಚೆ ರುದ್ರಮ್ಮ ಎಂಬವರಿದ್ದರು. ಅವರು ತೀರಿಕೊಂಡಾಗ, ಸಾವಿಗೆ ಆರು ತಿಂಗಳ ಸೂಚನೆ ಕೊಟ್ಟಿರಲಿಲ್ಲವೆಂದು ದೊಡ್ಡ ಗಲಾಟೆಯಾಗಿ, ಕೊನೆಗೆ ಅವರೇ ಕೆಲಸ ಕಲಿಸಿದ್ದ ದಾಕ್ಷಾಯಣಿಯನ್ನು ಗಿರಾಕಿಗಳು ಒಪ್ಪಿಕೊಂಡರು. ಕಡತದಲ್ಲಿ ಈಗಲೂ ಇದೆ: ತಪಾಸಣೆಯ ಸಾಧನಗಳು, ಮೈಕ್ರೋಸ್ಕೋಪು ಒಂದು, ಅಂಗೀಕೃತ ಕಣ್ಣುಗಳು ಎರಡು. ಇಪ್ಪತ್ತೊಂಬತ್ತು ವರ್ಷ ಅವಳು ಅದೇ ಸ್ಟೂಲಿನ ಮೇಲೆ ಕೂತು ದಿನಕ್ಕೆ ನಲವತ್ತು ಟ್ರೇ ನೋಡಿದಳು.

ಕಣ್ಣು ಮಂಜಾಗತೊಡಗಿದ್ದು ಯಾವಾಗಲೋ ಗೊತ್ತಾಗಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಬಿತ್ತು. ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆದಳು. ಒಂದು ಭಾನುವಾರ ಸಂತೆಯಲ್ಲಿ ಯಾರದೋ ಕೈಯಿಂದ ಚೀಲ ಕಿತ್ತುಕೊಂಡು, "ಮತ್ತೆ ಬಾಡಿದ ಹೀರೇಕಾಯಿ ತಂದಿದೀರಲ್ಲ, ಮೂವತ್ತು ವರ್ಷಕ್ಕೂ ತರಕಾರಿ ನೋಡೋದು ಬರಲಿಲ್ವಾ ನಿಮಗೆ" ಎಂದು ಚೆನ್ನಾಗಿ ಬಯ್ದಳು. ಆ ಮನುಷ್ಯ ತಲೆ ತಗ್ಗಿಸಿ ಕೇಳಿಸಿಕೊಂಡು, ಹೀರೇಕಾಯಿ ವಾಪಸು ಕೊಟ್ಟು ಬರಲು ಹೊರಟೂಬಿಟ್ಟಿದ್ದ. ಹಿಂದಿನಿಂದ ನಾನು ಬಂದು ಅವನನ್ನು ಬಿಡಿಸಿದೆ.

ಕಾರ್ಖಾನೆಯಲ್ಲಿ ಮಾತ್ರ ಯಾರಿಗೂ ಏನೂ ತಿಳಿಯಲಿಲ್ಲ. ಮೈಕ್ರೋಸ್ಕೋಪಿನ ಕೆಳಗೆ ಬೆಳಕು ಜಾಸ್ತಿ, ಒಳ್ಳೆಯ ಚಿಪ್ಪಿನ ಹೊಳಪು ಅವಳಿಗೆ ಬಾಯಿಪಾಠ. ಆದರೆ ಕಾರ್ಖಾನೆಯಿಂದ ಮನೆಗೆ ಬರುವ ದಾರಿಯಲ್ಲಿ ಚರಂಡಿಗೆ ಕಾಲಿಟ್ಟು ಮೊಣಕಾಲು ತರಚಿಕೊಂಡ ದಿನ ನಾನು ಅವಳನ್ನು ಡಾಕ್ಟರ್ ಫರ್ಜಾನಾ ಹತ್ತಿರ ಕರೆದುಕೊಂಡು ಹೋದೆ. ಅವರು ಟಾರ್ಚು ಬಿಟ್ಟು ನೋಡಿದರು. "ಎರಡೂ ಕಣ್ಣಲ್ಲಿ ಪೊರೆ ಬಲಿತಿದೆಯಮ್ಮ. ತೆಗೆಸಲೇಬೇಕು. ಇನ್ನೊಂದು ವರ್ಷ ಬಿಟ್ಟರೆ ಕಣ್ಣಿಗೇ ಅಪಾಯ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಕಾರ್ಖಾನೆಯವರ ಅಂಗೀಕೃತ ಅಂಗಕ್ಕೆ ನಾನು ಕೈ ಹಾಕಬೇಕಾದರೆ ಕಾಗದ ಬೇಕು, ನಿಮಗೆ ಗೊತ್ತಲ್ಲ. ನಮ್ಮ ಆಸ್ಪತ್ರೆ ಯಂತ್ರದೊಳಗೆ ಇರೋದೂ ನಿಮ್ಮ ಜರೀನೇ" ಎಂದರು.

"ಕಾಗದ ಮನೆಯಲ್ಲೇ ಇದೆ ಬಿಡಿ" ಎಂದಳು ದಾಕ್ಷಾಯಣಿ, ನನ್ನ ಕಡೆ ಕೈ ತೋರಿಸಿ. ನಿಜವಾಗಿ ಅವಳು ತೋರಿಸಿದ್ದು ಕೋಟು ನೇತುಹಾಕುವ ಗೂಟವನ್ನು.

ಮರುದಿನ ಕರಡು ಮಾಡಿದೆ. ಬದಲಾವಣೆಯ ವಿವರ: ಅಂತಿಮ ತಪಾಸಕಿಯ ಎರಡೂ ಕಣ್ಣುಗಳಿಂದ ಪೊರೆಯನ್ನು ತೆಗೆಯುವುದು. ಕಾರಣ: ಕಾಣದಿರುವುದು. ಉತ್ಪನ್ನದ ಮೇಲೆ ಪರಿಣಾಮ: ಇಲ್ಲ. ಚಂದ್ರಮೌಳಿಯವರು ಓದಿ ಪೆನ್ನಿನ ತುದಿಯಿಂದ ಕಾರಣದ ಮೇಲೆ ಕುಟ್ಟಿದರು.

"ಕಾಣದಿರುವುದು ಅಂತ ಬರೆದರೆ ಇಷ್ಟು ದಿನ ಹೇಗೆ ತಪಾಸಣೆ ಮಾಡಿದರು ಅಂತ ಕೇಳ್ತಾರಲ್ರೀ."

"ಇನ್ನೂ ಚೆನ್ನಾಗಿ ಕಾಣುವುದಕ್ಕಾಗಿ ಅಂತ ಹಾಕಲಾ ಸರ್?"

"ಹಾಗಂದ್ರೆ ಇಷ್ಟು ದಿನ ಚೆನ್ನಾಗಿ ಕಾಣ್ತಿರಲಿಲ್ಲ ಅಂತ ಆಯ್ತಲ್ಲ."

ಅರ್ಧ ಗಂಟೆ ಯೋಚಿಸಿ, ಕಾರಣ: ವೈಯಕ್ತಿಕ, ಎಂದು ಮಾಡಿದೆವು. ಸಹಿ ಹಾಕುವ ಮುಂಚೆ ಅವರು, "ಒಂದು ಕಣ್ಣು ಈಗ, ಇನ್ನೊಂದು ಮುಂದಿನ ವರ್ಷ ಅಂತ ಕೇಳೋಣ್ವಾ? ಅರ್ಧ ಬದಲಾವಣೆ ಅಂದ್ರೆ ಬೇಗ ಒಪ್ತಾರೆ" ಎಂದರು. ನಾನು ಬೇಡವೆಂದೆ. ನನ್ನ ಕೆಲಸದಲ್ಲಿ ಅವರ ಮಾತಿಗೆ ಬೇಡ ಎಂದದ್ದು ಅದೇ ಮೊದಲು.

ಹದಿನೇಳು ಕಡೆಗೆ ಸೂಚನೆ ಹೋಯಿತು. ಆರು ತಿಂಗಳು ದಾಕ್ಷಾಯಣಿ ನನ್ನ ತೋಳು ಹಿಡಿದೇ ಕಾರ್ಖಾನೆಗೆ ಬಂದಳು. ಒಬ್ಬೊಬ್ಬರಾಗಿ ಗಿರಾಕಿಗಳು ಒಪ್ಪುತ್ತ ಬಂದರು. ಲಿಫ್ಟಿನವರು ಒಪ್ಪಿದರು, ಡೇರಿಯವರು ಒಪ್ಪಿದರು, ರೈಲಿನವರು ಯಾವ ಕಣ್ಣು ಎಂದು ಸ್ಪಷ್ಟನೆ ಕೇಳಿ ಒಪ್ಪಿದರು. ಗಡುವು ಮುಗಿಯಲು ಐದು ದಿನವಿದ್ದಾಗ ಹದಿನೇಳನೆಯ ಕಾಗದ ಬಂತು. ಆ ಗಿರಾಕಿ ಎಲ್ಲೋ ದೂರದ ದ್ವೀಪವೊಂದರ ಬಂದರಿನವರು, ಕ್ರೇನುಗಳಿಗೆ ಜರಿ ಕೊಳ್ಳುತ್ತಿದ್ದರು. "ಕಳೆದ ಇಪ್ಪತ್ತೊಂಬತ್ತು ವರ್ಷಗಳಲ್ಲಿ ಸದರಿ ಕಣ್ಣುಗಳಿಂದ ನಮಗೆ ಯಾವ ತೊಂದರೆಯೂ ಆಗಿರುವುದಿಲ್ಲ. ಆದ್ದರಿಂದ ಅವುಗಳನ್ನು ಈಗಿರುವಂತೆಯೇ ಮುಂದುವರಿಸತಕ್ಕದ್ದು." ಕೆಳಗೆ ಆಕ್ಷೇಪಣೆಯ ಕೆಂಪು ಮುದ್ರೆ.

ಅಂಥ ಮುದ್ರೆಯನ್ನು ನಾನು ನೂರಾರು ಸಲ ನೋಡಿದ್ದೆ. ಕಡತಕ್ಕೆ ಹಾಕಿ ಚಹಾ ಕುಡಿದಿದ್ದೆ. ಆ ದಿನ ಕಾಗದವನ್ನು ಜೇಬಿಗೆ ಹಾಕಿಕೊಂಡು ಮನೆಗೆ ಹೋದೆ, ಹೇಳಲಿಲ್ಲ. ಮಾರನೆಯ ದಿನವೂ ಹೇಳಲಿಲ್ಲ. ಮೂರನೆಯ ದಿನ ನಾನು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ಬಾಗಿಲಲ್ಲಿ ನಿಂತು ಅವಳು ಕೇಳಿದಳು:

"ಬೇಡ ಅಂದರಾ?"

"ಯಾರು ಹೇಳಿದ್ರು ನಿನಗೆ?"

"ಮೂರು ದಿನದಿಂದ ಪಾತ್ರೆ ತೊಳೀತಿದೀರಿ. ಕಣ್ಣು ಮಂಜಾಗಿದೆ, ಕಿವಿ ಚೆನ್ನಾಗಿದೆ ನನಗೆ."

ಕಾಗದ ಓದಿ ಹೇಳಿದೆ. ಸದರಿ ಕಣ್ಣುಗಳು ಎಂಬಲ್ಲಿ ಅವಳು ಸಣ್ಣಗೆ ನಕ್ಕಳು. ಮತ್ತೊಮ್ಮೆ ಸೂಚನೆ ಕಳಿಸಬಹುದು, ಇನ್ನಾರು ತಿಂಗಳು, ಈ ಸಲ ಬೇರೆ ರೀತಿ ಬರೆಯುತ್ತೇನೆ ಎಂದೆ. ಅವಳು ಸೀರೆಯ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ, "ನೀವು ಚೆನ್ನಾಗೇ ಬರೀತೀರಿ. ಅದಲ್ಲ ವಿಷಯ. ಗುರುವಾರ ನಾನು ನಾದಿನಿ ಮನೆಗೆ ಹೋಗ್ತೀನಿ, ಹತ್ತು ದಿನ ರಜೆ ಅಂತ ಬರೆದುಕೊಡಿ" ಎಂದಳು.

"ನಿನ್ನ ನಾದಿನಿ ಅಂದ್ರೆ ನನ್ನ ತಂಗಿ. ನನಗೆ ತಂಗಿಯೇ ಇಲ್ಲ."

"ಅದು ರಜೆ ಅರ್ಜಿಯಲ್ಲಿ ಕೇಳಲ್ಲ."

ಗುರುವಾರ ಬೆಳಿಗ್ಗೆ ನಾವಿಬ್ಬರೂ ಆಸ್ಪತ್ರೆಯ ಹಿಂಬಾಗಿಲಲ್ಲಿ ನಿಂತಿದ್ದೆವು. ಡಾಕ್ಟರ್ ಫರ್ಜಾನಾ ಕಾಗದ ಎಲ್ಲಿ ಎಂದು ಕೇಳಿದರು. "ಕಾಗದ ಓದೋಕೆ ಕಣ್ಣು ಬೇಕಲ್ಲಮ್ಮ, ಮೊದಲು ಅದನ್ನ ಮಾಡಿ" ಎಂದಳು ದಾಕ್ಷಾಯಣಿ. ಡಾಕ್ಟರ್ ಅವಳ ಮುಖವನ್ನೂ ನನ್ನ ಮುಖವನ್ನೂ ನೋಡಿದರು. ಮೂವತ್ತೊಂದು ವರ್ಷ ಬದಲಾವಣೆಗಳಿಗೆ ಒಪ್ಪಿಗೆ ಕೇಳಿದವನು ನಾನು, ಖಾಲಿ ಕೈ ತೋರಿಸಿದೆ. ಅವರು ನಿಟ್ಟುಸಿರು ಬಿಟ್ಟು, "ಇಬ್ಬರೂ ಚಪ್ಪಲಿ ಹೊರಗೆ ಬಿಡಿ" ಎಂದು ಒಳಗೆ ಕರೆದರು. ಆ ದಿನ ಒಂದು ಕಣ್ಣು, ಆರು ದಿನ ಬಿಟ್ಟು ಇನ್ನೊಂದು.

ಎರಡನೆಯ ಪಟ್ಟಿ ಬಿಚ್ಚಿದಾಗ ಎದುರಿಗೆ ನಾನಿದ್ದೆ. ಅವಳು ಬಹಳ ಹೊತ್ತು ನನ್ನನ್ನು ನೋಡಿದಳು. "ಇಷ್ಟು ಮುದುಕ ಆಗಿದೀರಾ? ಇದಕ್ಕೆ ಯಾರು ಒಪ್ಪಿಗೆ ಕೊಟ್ಟರು ನಿಮಗೆ?" ಎಂದಳು. ಆಮೇಲೆ ಕಿಟಕಿ ನೋಡಿದಳು, ಗೋಡೆ ನೋಡಿದಳು, ಹಾಸಿಗೆಯ ಮೇಲಿನ ನೂಲು ನೋಡಿದಳು. ಮನೆಗೆ ಬಂದು ನಮ್ಮ ಅಡುಗೆಮನೆ ಎಷ್ಟು ಕೊಳೆಯಾಗಿದೆ ಎಂದು ನೋಡಿ ಅತ್ತಳು. ಎರಡು ದಿನ ತಿಕ್ಕಿದಳು. ಕಣ್ಣಿಗೆ ಆಯಾಸ ಬೇಡವೆಂದು ಡಾಕ್ಟರ್ ಹೇಳಿದ್ದಾರೆಂದೆ. ಕಣ್ಣಲ್ಲಿ ತಿಕ್ಕುತ್ತಿಲ್ಲ ಎಂದಳು.

ಸೋಮವಾರ ಕೆಲಸಕ್ಕೆ ಬಂದಳು. ಹತ್ತೂವರೆಗೆ ಚಂದ್ರಮೌಳಿಯವರಿಂದ ನನಗೆ ಕರೆ ಬಂತು. ತಪಾಸಣೆಯ ಕೋಣೆಯಲ್ಲಿ ಅವರು ಬಿಳಿಚಿಕೊಂಡು ನಿಂತಿದ್ದರು. ಮೇಜಿನ ಮೇಲೆ ಆರು ಟ್ರೇ, ಆರಕ್ಕೂ ತಿರಸ್ಕೃತ ಎಂಬ ಚೀಟಿ. ದಾಕ್ಷಾಯಣಿ ಸ್ಟೂಲಿನ ಮೇಲೆ ಕೈಕಟ್ಟಿ ಕೂತಿದ್ದಳು.

"ಏನಾಯ್ತು?" ಎಂದೆ.

"ನೀವೇ ನೋಡಿ. ಬಲಗಡೆ ಕೆಳಗಿನ ಮೂಲೆ."

ಬಗ್ಗಿ ನೋಡಿದೆ. ಮೂವತ್ತೊಂದು ವರ್ಷದಲ್ಲಿ ಜರಿಯ ಒಳಗನ್ನು ನಾನು ನೋಡಿದ್ದು ಅದೇ ಮೊದಲು. ಮೇಲಿನಿಂದ ನೋಡಿದ ಯಾವುದೋ ಪಟ್ಟಣದ ಹಾಗೆ ಓಣಿ, ಚೌಕ, ಸಾಲು ಮನೆ. ಬಲಗಡೆಯ ಮೂಲೆಯಲ್ಲಿ ಖಾಲಿ ಜಾಗ. ಅಲ್ಲಿ, ಧೂಳಿನ ಕಣಕ್ಕಿಂತ ಸಣ್ಣದಾಗಿ, ಆದರೆ ಮುದ್ದಾದ ಅಕ್ಷರದಲ್ಲಿ ಬರೆದಿತ್ತು: ನಮೂನೆ. ಮಾರಾಟಕ್ಕಲ್ಲ.

ಎರಡನೆಯದನ್ನು ನೋಡಿದೆ. ಹತ್ತನೆಯದನ್ನು ನೋಡಿದೆ. ಎಲ್ಲದರಲ್ಲೂ ಇತ್ತು. ನಲವತ್ತಮೂರು ವರ್ಷದ ಹಿಂದೆ ಯಾರೋ ನಕ್ಷೆಗಾರ ಪರೀಕ್ಷೆಗೆಂದು ಮಾಡಿದ ಮೊದಲ ಅಚ್ಚು ಅದು. ಸರಿಯಾದದ್ದು ಆಮೇಲೆ ಬರಬೇಕಿತ್ತೇನೋ. ಬರಲಿಲ್ಲ. ಜಗತ್ತಿನ ಲಿಫ್ಟುಗಳೂ ರೈಲುಗಳೂ ಅಷ್ಟೂ ವರ್ಷ ನಮೂನೆಯ ಮೇಲೆಯೇ ಹತ್ತಿ ಇಳಿದಿದ್ದವು, ಓಡಿ ನಿಂತಿದ್ದವು. ತಪಾಸಣೆಯ ಕೈಪಿಡಿಯಲ್ಲಿ ಮಾತ್ರ ಮೊದಲನೆಯ ಪುಟದಲ್ಲೇ ಮೊದಲನೆಯ ನಿಯಮ ಹೀಗಿತ್ತು: ಮಾರಾಟಕ್ಕಲ್ಲ ಎಂಬ ಬರಹವಿರುವ ಚಿಪ್ಪನ್ನು ತಿರಸ್ಕರಿಸತಕ್ಕದ್ದು.

"ಇಷ್ಟು ವರ್ಷ ಕಾಣಲಿಲ್ವಾ ಅಮ್ಮ ನಿಮಗೆ?" ಎಂದರು ಚಂದ್ರಮೌಳಿ. ಅವರ ದನಿ ಅಳುವವರ ಹಾಗಿತ್ತು.

"ಕಾಣ್ತಿರಲಿಲ್ಲ ಅಂತಲ್ಲ ಸರ್. ಮೂಲೆಯಲ್ಲಿ ಏನೋ ಕಸದ ಹಾಗೆ ಇರುತ್ತೆ, ಅದನ್ನ ನೋಡಬೇಡ ಅಂತ ರುದ್ರಮ್ಮ ಮೊದಲ ದಿನಾನೇ ಹೇಳಿದ್ರು. ನಾನು ನೋಡಲಿಲ್ಲ. ಈಗ ಹೊಸ ಕಣ್ಣು ಬಂದಿದೆಯಲ್ಲ, ಆಸೆಗೆ ಎಲ್ಲಾನೂ ನೋಡಿದೆ."

ಹೊಸ ಕಣ್ಣು ಎಂಬ ಮಾತು ಅವಳ ಬಾಯಿಂದ ಹಾಗೆ ಸಲೀಸಾಗಿ ಬಂದುಬಿಟ್ಟಿತು. ಚಂದ್ರಮೌಳಿಯವರು ನನ್ನ ಕಡೆ ನೋಡಿದರು. ನಾನು ಸೂರು ನೋಡಿದೆ.

ಮಧ್ಯಾಹ್ನ ಸಭೆ ಸೇರಿತು. ಚಂದ್ರಮೌಳಿಯವರಿದ್ದರು, ಎರಡು ವಿಭಾಗಗಳ ಮುಖ್ಯಸ್ಥರಿದ್ದರು, ನಾನಿದ್ದೆ. ಬರಹವನ್ನು ಅಳಿಸೋಣವೆಂದರೆ ಹದಿನೇಳು ಒಪ್ಪಿಗೆ. ಕೈಪಿಡಿಯ ನಿಯಮ ತೆಗೆಯೋಣವೆಂದರೆ ಹದಿನೇಳು ಒಪ್ಪಿಗೆ. ಬೇರೆ ತಪಾಸಕಿಯನ್ನು ಕೂರಿಸೋಣವೆಂದರೆ ಹದಿನೇಳು ಒಪ್ಪಿಗೆ. ಆಗ ನನಗೆ ಒಂದು ಉಪಾಯ ಹೊಳೆಯಿತು. ಹೊಳೆದ ಕೂಡಲೇ ಹೇಳಿದೆ. ಅಷ್ಟು ಚೆನ್ನಾಗಿತ್ತು ಅದು.

"ಸರ್, ಅಂಗೀಕೃತ ಕಣ್ಣು ಅಂದರೆ ಪೊರೆ ಇದ್ದ ಕಣ್ಣು. ಪೊರೆ ತೆಗೆದದ್ದು ಒಪ್ಪಿಗೆ ಇಲ್ಲದ ಬದಲಾವಣೆ. ಅದೇ ಮಂಜಿನ ಒಂದು ಕನ್ನಡಕ ಮಾಡಿಸಿ ಹಾಕಿಸಿದರೆ ಮೊದಲಿನ ಸ್ಥಿತಿಗೆ ಬಂದ ಹಾಗಾಯ್ತು. ಮೊದಲಿನ ಸ್ಥಿತಿಗೆ ಬರೋದಕ್ಕೆ ಯಾರ ಒಪ್ಪಿಗೆಯೂ ಬೇಡ."

ಒಬ್ಬ ಮುಖ್ಯಸ್ಥರು ಮೇಜು ಕುಟ್ಟಿ ಭೇಷ್ ಎಂದರು. ಚಂದ್ರಮೌಳಿಯವರು ಎದ್ದು ಬಂದು ಬೆನ್ನು ತಟ್ಟಿದರು. ಅಷ್ಟು ವರ್ಷದಲ್ಲಿ ಯಾರೂ ನನ್ನ ಬೆನ್ನು ತಟ್ಟಿರಲಿಲ್ಲ. ಕಚೇರಿಯ ಮೆಟ್ಟಿಲು ಇಳಿಯುವವರೆಗೂ ಆ ಖುಷಿ ಇತ್ತು. ಗೇಟು ದಾಟುವಾಗ, ಇದನ್ನು ಮನೆಗೆ ಒಯ್ಯಬೇಕಾದವನೂ ನಾನೇ ಎಂಬುದು ನೆನಪಾಯಿತು.

ಎರಡು ದಿನಕ್ಕೆ ಕನ್ನಡಕ ಸಿದ್ಧವಾಯಿತು. ಹಾಲಿನ ಬಣ್ಣದ ಗಾಜು. ಅವಳು ಡಬ್ಬಿ ತೆರೆದು, ಹಾಕಿಕೊಂಡು, ಅತ್ತಿತ್ತ ನೋಡಿ, ತೆಗೆದು ಡಬ್ಬಿಯಲ್ಲಿ ಇಟ್ಟಳು.

"ಸರಿಯಾಗಿ ಅಷ್ಟೇ ಮಂಜಿದೆ. ಇದನ್ನ ಯೋಚಿಸಿದ್ದು ಯಾರು?"

"ಸಭೆಯಲ್ಲಿ ತೀರ್ಮಾನ ಆಯ್ತು."

"ಸಭೆಗೆ ಇಷ್ಟು ಬುದ್ಧಿ ಇಲ್ಲ ಕಣ್ರೀ."

ನಾನು ಒಪ್ಪಿಕೊಂಡೆ. ಬಯ್ಯುತ್ತಾಳೆಂದು ಕಾದೆ. ಬಯ್ಯಲಿಲ್ಲ. "ನಿಮ್ಮ ಕೈ ಹಿಡಿದುಕೊಂಡು ಮಲಗಿದ್ದೆ ನಾನು ಆಪರೇಷನ್ ಮೇಜಿನ ಮೇಲೆ" ಎಂದಷ್ಟೇ ಹೇಳಿ ಒಳಗೆ ಹೋದಳು. ಅಂದು ಎರಡು ತಟ್ಟೆ ಬಡಿಸಿ ತನ್ನದನ್ನು ಹಿತ್ತಲಿಗೆ ಒಯ್ದು ಊಟ ಮಾಡಿದಳು.

ಬೆಳಿಗ್ಗೆ ಕನ್ನಡಕ ಹಾಕಿಕೊಂಡೇ ಹೋದಳು. ಎಲ್ಲರಿಗೂ ಸಮಾಧಾನವಾಯಿತು. ಊಟದ ಹೊತ್ತಿಗೆ ಇಪ್ಪತ್ತು ಟ್ರೇ ಮುಗಿದಿದ್ದವು, ಇಪ್ಪತ್ತಕ್ಕೂ ತಿರಸ್ಕೃತ ಚೀಟಿ. ಚಂದ್ರಮೌಳಿಯವರು ಓಡಿ ಬಂದರು.

"ಕನ್ನಡಕದಲ್ಲೂ ಕಾಣುತ್ತಾ ಅಮ್ಮ?"

"ಇಲ್ಲ ಸರ್, ಏನೂ ಕಾಣಲ್ಲ. ಆದರೆ ಇದೆ ಅಂತ ಗೊತ್ತಲ್ಲ."

ಅದಕ್ಕೆ ಕನ್ನಡಕ ಮಾಡುವವರು ಯಾರೂ ಇರಲಿಲ್ಲ.

ಜರಿ ನಿಂತಿತು. ಊರಿನ ಜನಕ್ಕೆ ಇದು ಮೊದಲು ತಮಾಷೆ, ಆಮೇಲೆ ಗಾಬರಿ. ಒಂದು ವಾರದ ನಂತರ ದಾಕ್ಷಾಯಣಿ ಬೀದಿಯಲ್ಲಿ ನಡೆದರೆ ಮಾತು ನಿಲ್ಲುತ್ತಿತ್ತು. ಮೊದಲಾದರೆ ಅವಳಿಗೆ ಆ ಮುಖಗಳು ಕಾಣುತ್ತಿರಲಿಲ್ಲ. ಈಗ ಒಂದೊಂದೂ ಕಾಣುತ್ತಿದ್ದವು. ಮನೆಗೆ ಬಂದು ಯಾರ್ಯಾರ ಹುಬ್ಬು ಹೇಗೆ ಗಂಟಾಗಿತ್ತು ಎಂದು ಹೇಳುತ್ತಿದ್ದಳು. ಕಾವಲುಗಾರ ಸಲಾಮು ಹೊಡೆಯುವುದನ್ನು ಬಿಟ್ಟ. ಅದೂ ಒಂದು ಬದಲಾವಣೆಯೆಂದು ನಾನು ಅವನಿಗೆ ನೆನಪಿಸಿದೆ. ಅವನು ನನ್ನನ್ನು ನೋಡಿದ ರೀತಿಗೆ ಮತ್ತೆ ನೆನಪಿಸಲಿಲ್ಲ.

ಹನ್ನೊಂದನೆಯ ದಿನ ಕೊಟ್ರಮ್ಮ ಮನೆಗೆ ಬಂದಳು. ಚಾಪೆಯ ಮೇಲೆ ಕೂತು, ಕೊಟ್ಟ ನೀರನ್ನು ಕುಡಿಯದೆ ಕೈಯಲ್ಲೇ ಹಿಡಿದಿದ್ದಳು.

"ಅಕ್ಕಾ, ನನ್ನ ಮಗಳ ಮದುವೆ ಗೊತ್ತಾಗಿದೆ. ಗಂಡಿನ ಕಡೆಯವರು ನಿನ್ನೆ ಬಂದು ಕಾರ್ಖಾನೆ ಮುಚ್ಚುತ್ತಂತಲ್ಲ ಅಂತ ಕೇಳಿ ಹೋದರು. ಆ ಹುಡುಗಿ ನಿನ್ನೆಯಿಂದ ಊಟ ಬಿಟ್ಟಿದಾಳೆ. ಎರಡಕ್ಷರದ ವಿಷಯ ಅಕ್ಕಾ. ನಲವತ್ತು ವರ್ಷ ಯಾರಿಗೆ ಏನಾಯ್ತು ಅದರಿಂದ? ಪಾಸು ಮಾಡಿಬಿಡಿ."

ದಾಕ್ಷಾಯಣಿ ಅವಳ ಕೈಯಿಂದ ಲೋಟ ತೆಗೆದು ಕೆಳಗಿಟ್ಟಳು. "ಅದು ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ ಕೊಟ್ರಮ್ಮ. ಒಳ್ಳೇದೇ ಇರಬೇಕು. ಆದರೆ ಮಾರಾಟಕ್ಕಲ್ಲ ಅಂತ ಬರೆದಿರೋದನ್ನ ಓದಿ, ಮಾರಾಟಕ್ಕೆ ಅಂತ ನನ್ನ ಕೈಯಲ್ಲಿ ಬರೆಯಕ್ಕೆ ಆಗ್ತಿಲ್ಲ. ಕೈ ಏಳಲ್ಲ" ಎಂದಳು. ಕೊಟ್ರಮ್ಮ ಎದ್ದು ಹೋದ ಮೇಲೆ ನನ್ನ ಹತ್ತಿರ ಬಂದು ಕೂತಳು. ಕನ್ನಡಕ ಬಂದ ದಿನದಿಂದ ಅವಳು ಅಷ್ಟು ಹತ್ತಿರ ಕೂತಿರಲಿಲ್ಲ.

"ಏನ್ರೀ, ಕೊಳ್ಳೋರಿಗೆ ಇದು ಗೊತ್ತಾ?"

"ಯಾವುದು?"

"ಅವರು ಕೊಳ್ತಿರೋದು ನಮೂನೆ ಅಂತ. ನೀವು ಬದಲಾಯಿಸಬಹುದಾ ಬದಲಾಯಿಸಬಹುದಾ ಅಂತ ಇಷ್ಟು ವರ್ಷ ಕೇಳಿದಿರಿ. ಇದ್ದದ್ದನ್ನ ಇದ್ದ ಹಾಗೆ ಒಂದು ಸಲಾನಾದ್ರೂ ಹೇಳಿದೀರಾ? ಹೇಳಿ ನೋಡಿ. ಗೊತ್ತಿದ್ದೂ ಬೇಕು ಅಂದರೆ ಪಾಸು ಮಾಡೋಕೆ ನನಗೇನು ಕಷ್ಟ?"

ಅಂಥ ಕಾಗದಕ್ಕೆ ನಮ್ಮಲ್ಲಿ ನಮೂನೆಯೇ ಇರಲಿಲ್ಲ ಎಂದು ಬರೆದರೆ ಓದುವವರು ನಗುತ್ತಾರೆ, ಆದರೆ ನಿಜಕ್ಕೂ ಇರಲಿಲ್ಲ. ಬದಲಾವಣೆಯ ವಿವರ ಎಂದು ಶುರು ಮಾಡಿದರೆ ಬದಲಾವಣೆಯೇ ಇಲ್ಲ. ಎರಡು ದಿನ ಹಾಳೆ ಹರಿದೆ. ಕೊನೆಗೆ ಹೀಗೆ ಬರೆದೆ: "ಮಾನ್ಯರೇ, ನನ್ನ ಹೆಂಡತಿಗೆ ಈಗ ಕಣ್ಣು ಕಾಣುತ್ತದೆ." ಆಮೇಲೆ ತಡೆಯಲಿಲ್ಲ. ಆಪರೇಷನ್ನು, ಇಲ್ಲದ ನಾದಿನಿ, ಮೂಲೆಯ ಬರಹ, ರುದ್ರಮ್ಮ, ಹಾಲುಗಾಜಿನ ಕನ್ನಡಕ ಮತ್ತು ಅದನ್ನು ಯೋಚಿಸಿದವನು ನಾನೇ ಎಂಬುದು, ಎಲ್ಲವೂ ಬಂತು. ಕೊನೆಯಲ್ಲಿ, ನೀವು ನಲವತ್ತಮೂರು ವರ್ಷದಿಂದ ಕೊಳ್ಳುತ್ತಿರುವುದು ಇದು, ತಿಳಿದ ಮೇಲೂ ಬೇಕೇ ಎಂದು ಕೇಳಿದೆ.

ಚಂದ್ರಮೌಳಿಯವರು ನಿಂತುಕೊಂಡೇ ಓದಿದರು. ಓದುತ್ತ ಓದುತ್ತ ಕೂತರು.

"ಇದಕ್ಕೆ ನಾನು ಸಹಿ ಹಾಕಲ್ಲ ಸಂಗಮನಾಥ್."

"ಬೇಡ ಸರ್. ನನ್ನದೇ ಹಾಕಿದೀನಿ."

"ತಾತ್ಕಾಲಿಕ ಗುಮಾಸ್ತ ಅಂತ ಹಾಕಿದೀರಲ್ರೀ ಕೆಳಗೆ."

"ಅದೇ ಅಲ್ವಾ ಸರ್ ನಾನು."

ಅವರು ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು. "ಫ್ಯಾಕ್ಸ್ ಯಂತ್ರ ಆ ಕಡೆ ಇದೆ. ನಾನು ಈ ಕಡೆ ನೋಡ್ತಿದೀನಿ" ಎಂದರು. ಅಷ್ಟು ಉಪಕಾರ ಮಾಡುವವರೆಂದು ನಾನು ಎಣಿಸಿರಲಿಲ್ಲ.

ಉತ್ತರಗಳು ಒಂಬತ್ತು ದಿನದೊಳಗೆ ಬಂದವು. ಆರು ತಿಂಗಳ ಪದ್ಧತಿಯಲ್ಲಿ ಅದು ಮಿಂಚು. ಅವುಗಳಲ್ಲಿ ಒಂದರಲ್ಲೂ ಆಶ್ಚರ್ಯವಾಗಲಿ ಕೋಪವಾಗಲಿ ಇರಲಿಲ್ಲ. ಲಿಫ್ಟಿನವರು ಬರೆದಿದ್ದರು: "ಪ್ರತಿ ಕಂತಿನಲ್ಲಿ ಒಂದು ಜರಿಯನ್ನು ಒಡೆದು ನೋಡುವುದು ನಮ್ಮ ಪದ್ಧತಿ. ಮೂಲೆಯಲ್ಲಿ ಮಾರಾಟಕ್ಕಲ್ಲ ಎಂದಿದ್ದರೆ ಅಸಲಿ, ಇಲ್ಲದಿದ್ದರೆ ನಕಲಿ. ದಯವಿಟ್ಟು ಅದನ್ನು ಅಳಿಸಬೇಡಿ." ರೈಲಿನವರೂ ಅದನ್ನೇ ಬರೆದರು. ಡೇರಿಯವರು ಇನ್ನೂ ಮುಂದೆ ಹೋಗಿ, ಇತ್ತೀಚಿನ ಕೆಲವು ಕಂತುಗಳಲ್ಲಿ ಆ ಬರಹ ತುಸು ಮಸುಕಾಗಿದೆಯೆಂದೂ ತಪಾಸಣೆಯಲ್ಲಿ ಗಮನ ಕೊಡಬೇಕೆಂದೂ ದೂರಿದ್ದರು. ನಾವು ಯಾರೂ ಓದದಿದ್ದ ಎರಡು ಪದಗಳನ್ನು ಕೊಳ್ಳುವವರೆಲ್ಲ ನಲವತ್ತು ವರ್ಷ ಓದುತ್ತಿದ್ದರು, ನಮಗೂ ಗೊತ್ತಿದೆಯೆಂದು ತಿಳಿದು ಸುಮ್ಮನಿದ್ದರು.

ದಾಕ್ಷಾಯಣಿ ಹದಿನೇಳನ್ನೂ ತಾನೇ ಓದಿದಳು, ಬೆರಳಿಟ್ಟು, ಒಂದೊಂದು ಸಾಲು. ಓದಿ ಮುಗಿಸಿ ಸ್ಟೂಲಿನ ಮೇಲೆ ಕೂತು ಮೊದಲನೆಯ ಟ್ರೇ ಎಳೆದುಕೊಂಡಳು. ಮೂವತ್ತೇಳು ಟ್ರೇ ಪಾಸು ಮಾಡಿದಳು, ಬರಹ ಮಸುಕಾದ ಮೂರನ್ನು ತಿರಸ್ಕರಿಸಿದಳು. ಕೈಪಿಡಿಯ ಮೊದಲನೆಯ ನಿಯಮವನ್ನು ಹದಿನೇಳು ಕಾಗದಗಳ ಆಧಾರದ ಮೇಲೆ ನಾನು ತಿದ್ದಿದೆ: ಮಾರಾಟಕ್ಕಲ್ಲ ಎಂಬ ಬರಹವಿರುವುದನ್ನು ಮಾತ್ರ ಮಾರತಕ್ಕದ್ದು. ಹೊಸ ಕಣ್ಣಿಗೆ ಹದಿನೇಳರಲ್ಲಿ ಒಬ್ಬರೂ ಆಕ್ಷೇಪಿಸಿರಲಿಲ್ಲವಾದ್ದರಿಂದ ಕಡತದಲ್ಲಿ ಅವಳ ಹೆಸರಿನ ಮುಂದೆ, ಅಂಗೀಕೃತ ಕಣ್ಣುಗಳು ಎರಡು, ಕಾಣುವಂಥವು, ಎಂದು ಸೇರಿಸಿದೆ. ಕೊಟ್ರಮ್ಮನ ಮಗಳ ಮದುವೆ ಹೇಳಿದ ದಿನಕ್ಕೇ ಆಯಿತು. ಊಟಕ್ಕೆ ನಮ್ಮನ್ನು ಮೊದಲ ಪಂಕ್ತಿಯಲ್ಲಿ ಕೂರಿಸಿದರು, ದಾಕ್ಷಾಯಣಿಗೆ ಎರಡು ಸಲ ಒಬ್ಬಟ್ಟು ಬಡಿಸಿದರು. ಅವಳು ತಿಂದಳು, ಆದರೆ ಬೀದಿಯಲ್ಲಿ ಮುಖ ತಿರುಗಿಸಿದವರು ಯಾರ್ಯಾರೆಂದು ಈಗಲೂ ಕೇಳಿದರೆ ತಪ್ಪದೆ ಹೇಳುತ್ತಾಳೆ.

ಇದೆಲ್ಲ ಆಗಿ ತಿಂಗಳಾದ ಮೇಲೆ ಬಂದರಿನ ಊರಿನಿಂದ ಅಂಚೆಯಲ್ಲಿ ಒಂದು ಲಕೋಟೆ ಬಂತು. ಕಚೇರಿಯ ಮುದ್ರೆ ಇರಲಿಲ್ಲ, ಕೈಬರಹ. ವಿಳಾಸದಲ್ಲಿ ನನ್ನ ಹೆಸರು. ಮನೆಗೆ ತಂದು ಅವಳ ಮುಂದೆಯೇ ಒಡೆದೆ.

"ನಿಮ್ಮ ಪತ್ರಕ್ಕೆ ನಮ್ಮ ಕಚೇರಿ ಬೇರೆಯಾಗಿ ಉತ್ತರಿಸಿದೆ. ಇದು ನನ್ನ ಸ್ವಂತ ಕಾಗದ. ನಿಮ್ಮ ಮನೆಯವರ ಕಣ್ಣಿಗೆ ಆಕ್ಷೇಪಣೆ ಹಾಕಿದವನು ನಾನು. ಈ ಮೇಜಿಗೆ ಬರುವ ಎಲ್ಲ ಸೂಚನೆಗಳಿಗೂ ನಾನು ಆಕ್ಷೇಪಣೆಯನ್ನೇ ಹಾಕುತ್ತೇನೆ. ಒಪ್ಪಿದರೆ ಯಾಕೆ ಒಪ್ಪಿದೆ ಎಂದು ನಾಲ್ಕು ಪುಟ ಬರೆಯಬೇಕು. ಆಕ್ಷೇಪಣೆಗೆ ಒಂದು ಮುದ್ರೆ, ಮೊದಲೇ ಅಚ್ಚಾದ ಎರಡು ಸಾಲು ಸಾಕು, ನಡುವೆ ವರ್ಷದ ಲೆಕ್ಕ, ವಸ್ತುವಿನ ಹೆಸರು ತುಂಬಿದರಾಯಿತು. ಅಂದು ನಾನು ತುಂಬಿದ ಹೆಸರು ಕಣ್ಣು ಎಂಬುದನ್ನು ನಿಮ್ಮ ಎರಡನೆಯ ಪತ್ರ ಬಂದಾಗಲೇ ಗಮನಿಸಿದೆ. ಅದಕ್ಕೆ ಕಾರಣವೂ ಇದೆ. ನನಗೂ ಎರಡು ವರ್ಷದಿಂದ ಓದುವುದು ಕಷ್ಟವಾಗಿದೆ. ಇಲ್ಲಿ ಯಾರಿಗೂ ಹೇಳಿಲ್ಲ. ಆಪರೇಷನ್ ಎಂದರೆ ನನಗೆ ಬಹಳ ಭಯ. ಅವರಿಗೆ ನೋವಾಯಿತೇ, ಎಷ್ಟು ದಿನ ಪಟ್ಟಿ ಕಟ್ಟಿದ್ದರು, ಕೇಳಿ ತಿಳಿಸುವಿರಾ?"

ದಾಕ್ಷಾಯಣಿ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಮತ್ತೊಮ್ಮೆ ತಾನೇ ಓದಿದಳು. "ಹೆಸರು ತುಂಬಿದನಂತೆ" ಎಂದಳು. "ಚರಂಡಿಗೆ ಬಿದ್ದ ಕಾಲು ನನ್ನದು, ಇವನಿಗೆ ನಾಲ್ಕು ಪುಟ ಬರೆಯೋದು ಕಷ್ಟ ಆಯ್ತಂತೆ." ಕಾಗದವನ್ನು ಮಡಿಸಿ ಸಾಸಿವೆ ಡಬ್ಬಿಯ ಕೆಳಗೆ ಇಟ್ಟಳು. ಎರಡು ದಿನ ಅದು ಅಲ್ಲೇ ಇತ್ತು. ಒಗ್ಗರಣೆ ಹಾಕುವಾಗಲೆಲ್ಲ ಡಬ್ಬಿ ಎತ್ತಿ, ಅದನ್ನು ನೋಡಿ, ಮತ್ತೆ ಡಬ್ಬಿ ಇಡುತ್ತಿದ್ದಳು.

ಮೂರನೆಯ ದಿನ ಕೆಲಸದಿಂದ ಬಂದವಳು ಕೈಕಾಲು ತೊಳೆದು, ನಾನು ಹಾಳೆ ಪೆನ್ನು ಇಟ್ಟುಕೊಂಡು ಕೂತಿದ್ದ ಮೇಜಿಗೆ ಬಂದಳು.

"ಹೇಳು, ಏನಂತ ಬರೀಲಿ?" ಎಂದೆ. "ದಿನಾಂಕ ಹಾಕಿದೀನಿ. ವಿಷಯ: ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆಯ ನೋವಿನ ಕುರಿತು."

"ಏಳ್ರಿ ನೀವು" ಎಂದು ನನ್ನನ್ನು ಎಬ್ಬಿಸಿ ಆ ಹಾಳೆಯನ್ನು ಪಕ್ಕಕ್ಕೆ ಸರಿಸಿದಳು. ಬೇರೆ ಹಾಳೆ ತೆಗೆದುಕೊಂಡು, ಕನ್ನಡಕವಿಲ್ಲದೆ, ಮುಖ ತಗ್ಗಿಸದೆ, ನೆಟ್ಟಗೆ ಕೂತು ಬರೆಯತೊಡಗಿದಳು. ಹೆಗಲ ಮೇಲಿನಿಂದ ಇಣುಕಲು ಹೋದರೆ ಮೊಣಕೈ ಅಡ್ಡ ಇಟ್ಟಳು. ಮೊದಲ ಸಾಲು ಮಾತ್ರ ನನಗೆ ಕಂಡಿತು: "ಅಣ್ಣಾ, ಹೆದರಬೇಡಿ, ಇರುವೆ ಕಚ್ಚಿದಷ್ಟು ಅಷ್ಟೇ."